ಎರಡು ಅಳತೆಯ ಕುಪ್ಪಸ

ನನ್ನ ಬಲಗೈಗೆ ಒಂದು ಕೆಟ್ಟ ಚಾಳಿ ಇದೆ. ಬಸ್ಸಿನಲ್ಲಿ ಕುಳಿತಿರಲಿ, ಒಲೆಯ ಮುಂದಿರಲಿ, ಯಾರದಾದರೂ ಮಾತು ಕೇಳುತ್ತಿರಲಿ, ಅದು ತಾನಾಗಿ ಎದೆಯ ಮೇಲಿನ ಸೆರಗಿಗೆ ಹೋಗುತ್ತದೆ. ಎಳೆದು ಸರಿಮಾಡುತ್ತದೆ, ಕೆಳಗಿಳಿಯುತ್ತದೆ, ಒಂದು ಗಳಿಗೆ ಸುಮ್ಮನಿದ್ದು ಮತ್ತೆ ಹೋಗುತ್ತದೆ. ಮೊಮ್ಮಕ್ಕಳು ಅಣಕಿಸುತ್ತಾರೆ. ಅಣಕಿಸಲಿ. ಇದರ ಹಿಂದೆ ಏನಿದೆ ಎಂದು ಅವರಿಗೆ ಗೊತ್ತಿಲ್ಲ, ಗೊತ್ತಿದ್ದವರು ಒಬ್ಬೊಬ್ಬರಾಗಿ ಹೋದರು. ನಾನು ನಾಚಿಕೊಳ್ಳುವ ವಯಸ್ಸನ್ನೂ ದಾಟಿದೆ. ಸುಮ್ಮನೆ ಕೂರುವುದು ನನ್ನ ಜಾಯಮಾನದಲ್ಲಿಲ್ಲ, ಕೈ ಸುಮ್ಮನಿರದ ಮೇಲೆ ಬರೆಯುವುದಾದರೂ ಬರೆಯಲಿ ಎಂದು ಕುಳಿತಿದ್ದೇನೆ.

ನಾನು ಹುಟ್ಟಿದ್ದು ಕುಣಿಕೋಣೂರಿನಲ್ಲಿ, ಕುರಿ ಸಾಕುವ ಮನೆಯಲ್ಲಿ. ಅಪ್ಪನಿಗೆ ಗಂಡುಮಕ್ಕಳು ತಡವಾಗಿ ಹುಟ್ಟಿದ್ದರಿಂದ ಹಟ್ಟಿಯ ಕೆಲಸಕ್ಕೆಲ್ಲ ನಾನೇ. ಕುರಿ ಕೊಳ್ಳುವಾಗ ಅಪ್ಪ ಹಲ್ಲು ನೋಡುತ್ತಿದ್ದ, ಕಾಲು ನೋಡುತ್ತಿದ್ದ, ಕೊನೆಗೆ ಕುಕ್ಕರಗಾಲಿನಲ್ಲಿ ಕುಳಿತು ಹೊಟ್ಟೆಯ ಕೆಳಗೆ ಕೈಹಾಕಿ ಎರಡೂ ಮೊಲೆ ಹಿಂಡಿ ನೋಡುತ್ತಿದ್ದ. ಕುರಿಯ ಕಿವಿ ಹಿಡಿದು ನಿಲ್ಲುವುದು ನನ್ನ ಕೆಲಸ. ಒಂದು ಕಡೆ ಹಾಲು ಬರದಿದ್ದರೆ ಅಪ್ಪ ಕೈ ಒರೆಸಿಕೊಂಡು ಏಳುತ್ತಿದ್ದ. "ಒಂದ್ ಮೊಲಿ ಸತ್ತೈತಿ," ಎನ್ನುತ್ತಿದ್ದ, ಅಷ್ಟೇ. ನಮ್ಮದೇ ಹಿಂಡಿನಲ್ಲಿ ಈದ ಕುರಿಗೆ ಹಾಗಾದರೆ ಅದರ ಕೊಂಬಿಗೋ ಕಿವಿಗೋ ಒಂದು ಕೆಂಪು ದಾರ ಕಟ್ಟುತ್ತಿದ್ದ. ಮುಂದಿನ ಸಂತೆಗೆ ಅದು ಹೋಗುತ್ತಿತ್ತು. ಆ ದಾರವನ್ನು ಎಷ್ಟೋ ಸಲ ನಾನೇ ಕಟ್ಟಿದ್ದೇನೆ, ನಗುನಗುತ್ತಲೇ ಕಟ್ಟಿದ್ದೇನೆ.

ಅರವತ್ತರ ದಶಕದ ಮೊದಲಲ್ಲಿ ಮುಚ್ಚಂಡಿಗೆ ಮದುವೆಯಾಗಿ ಬಂದೆ. ಗಂಡನ ಮನೆಯವರೂ ಕುರಿಯವರೇ. ದೀಪಾವಳಿ ಮುಗಿದ ಮೇಲೆ ನನ್ನ ಗಂಡ ಹಿಂಡು ಹೊಡೆದುಕೊಂಡು ಹೊರಟರೆ, ಊರೂರಿನ ಹೊಲಗಳಲ್ಲಿ ಗೊಬ್ಬರಕ್ಕಾಗಿ ಕುರಿ ನಿಲ್ಲಿಸುತ್ತ, ಮಳೆ ಹತ್ತಿರ ಬಂದಾಗ ಮನೆಗೆ ತಿರುಗುತ್ತಿದ್ದರು. ಮಾತು ಕಡಿಮೆಯ ಮನುಷ್ಯ. ಕೇಳಿದ್ದಕ್ಕೆ ಉತ್ತರ, ಅದೂ ಅರ್ಧ. ನಾನೋ ಬೆಳಗಿನಿಂದ ಸಂಜೆಯತನಕ ಬಾಯಿ ಮುಚ್ಚದವಳು. ನಮ್ಮಿಬ್ಬರ ಸಂಸಾರದಲ್ಲಿ ಅವರ ಪಾಲಿನ ಮಾತನ್ನೂ ನಾನೇ ಆಡುತ್ತಿದ್ದೆ.

ಚೊಚ್ಚಲ ಬಾಣಂತನಕ್ಕೆ ತವರಿಗೆ ಹೋದಾಗ ನನ್ನ ಗ್ರಹಚಾರ ಕೆಟ್ಟಿತು. ಇಪ್ಪತ್ತು ದಿನದ ಕೂಸು, ನನ್ನ ಎದೆಯ ಬಲಗಡೆ ಹಾಲು ಕಟ್ಟಿಕೊಂಡಿತು. ಮೊದಲ ದಿನ ಬಿಗಿತ, ಎರಡನೆಯ ದಿನ ಕಲ್ಲು, ಮೂರನೆಯ ದಿನ ಜ್ವರದಲ್ಲಿ ನಾನು ಯಾರಾರನ್ನೋ ಕರೆಯುತ್ತಿದ್ದೆನಂತೆ. ಎಲೆ ಕಾಸಿ ಕಟ್ಟಿದರು, ಬೂದಿಯ ಗಂಟಿನಿಂದ ಶಾಖ ಕೊಟ್ಟರು. ಕಡೆಗೆ ಚಕ್ಕಡಿಯಲ್ಲಿ ಮಲಗಿಸಿಕೊಂಡು ಔಷಧಿ ಕೊಡುವ ಒಬ್ಬನ ಹತ್ತಿರ ಒಯ್ದರು. ಅವನು ಬ್ಲೇಡಿನಿಂದ ಅಡ್ಡಕ್ಕೆ ಒಂದೇ ಗೆರೆ ಎಳೆದ. ತಾಟಿನ ತುಂಬ ಕೀವು ಬಂತು ಎಂದು ಅವ್ವ ಆಮೇಲೆ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದಳು. ಜೀವ ಉಳಿಯಿತು, ಅದೇ ದೊಡ್ಡದು ಎಂದರು. ನಾನೂ ಆಗ ಹಾಗೇ ಅಂದುಕೊಂಡೆ.

ಆದರೆ ಬಲಗಡೆ ಮತ್ತೆ ಹಾಲು ಬರಲಿಲ್ಲ. ಅದು ಒಣಗಿ, ಚಪ್ಪಟೆಯಾಗಿ, ನಡುವಿನ ಗೆರೆ ಒಳಕ್ಕೆ ಎಳೆದುಕೊಂಡಿತು. ಮೂವರು ಮಕ್ಕಳು ಒಂದೇ ಕಡೆ ಕುಡಿದು ಬೆಳೆದರು. ಮೂರನೆಯದು ಹಾಲು ಬಿಡುವ ಹೊತ್ತಿಗೆ ಎಡಗಡೆಯದು ಇಳಿದು ಹೊಟ್ಟೆಯ ಮೇಲೆ ಬಂದು ಕುಳಿತಿತ್ತು. ಅಂದರೆ ಒಂದು ಇಲ್ಲವೇ ಇಲ್ಲ, ಇನ್ನೊಂದು ಇರಬೇಕಾದ ಕಡೆ ಇಲ್ಲ. ಹೇಳಿಕೊಂಡು ಅಳೋಣವೆಂದರೆ ಯಾರ ಮುಂದೆ? ಮನೆಯಲ್ಲಿ ಮೂರು ಮಕ್ಕಳು ದುಂಡಗೆ ಆಡಿಕೊಂಡಿರುವಾಗ, ಇವಳಿಗೇನು ಬಂದಿದೆ ಧಾಡಿ ಎನ್ನುತ್ತಿದ್ದರು.

ಅದಕ್ಕೂ ಮೊದಲೇ, ಮೂರನೆಯ ಮಗುವಿನ ತೊಟ್ಟಿಲ ಕಾರ್ಯಕ್ಕೆ ಅಪ್ಪ ಬಂದಿದ್ದ. ಸಂತೆಗೆ ಕುರಿ ಹೊಡೆದುಕೊಂಡು ಬಂದವನು ಹಾಗೆಯೇ ನಮ್ಮ ಮನೆಗೂ ಬಂದದ್ದು. ನಾನು ಮಜ್ಜಿಗೆ ಕೊಡುತ್ತಿದ್ದೆ. ಇಷ್ಟು ಚೆಂದದ ಕುರಿ ಯಾಕೆ ಮಾರಿದೆ ಎಂದು ಯಾರೋ ಕೇಳಿದರು. ಅಪ್ಪ ಚರಿಗೆ ಕೆಳಗಿಟ್ಟು ಅದೇ ಮಾತು ಹೇಳಿದ, ಒಂದು ಮೊಲೆ ಸತ್ತಿತ್ತು ಎಂದು. ನನ್ನ ಗಂಡ ಪಕ್ಕದಲ್ಲೇ ಕುಳಿತಿದ್ದರು, ತಲೆ ಆಡಿಸಿದರು. ಕುರಿಯವನ ಮಗಳು, ಕುರಿಯವನ ಹೆಂಡತಿ, ಅಂಥ ಕುರಿಯನ್ನು ಏನು ಮಾಡುತ್ತಾರೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅಂದಿನಿಂದ ನನಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು ಎಂಬಂತಾಯಿತು.

ಅಲ್ಲಿಯತನಕ ದೀಪ ಆರಿದ ಮೇಲಿನ ಸಂಸಾರ ನಮ್ಮದು, ಅವರಿಗೆ ಗೊತ್ತಾಗಿಲ್ಲ ಎಂದೇ ನಂಬಿದ್ದೆ. ಅಂದಿನಿಂದ ಗಂಡನ ಮುಂದೆ ನಾನು ಕುಪ್ಪಸದ ಗಂಟು ಬಿಚ್ಚಿದವಳಲ್ಲ. ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಹೆಂಗಸರೆಲ್ಲ ಬಾವಿಗೆ ಹೋಗುವ ಮೊದಲೇ ನಾನು ಹೋಗಿ ಮಿಂದು ಬರುತ್ತಿದ್ದೆ. ಮತ್ತೆ, ಹೊಲಿಗೆಯ ಕೈ ನನ್ನದು ಚಲೋ ಇತ್ತಲ್ಲ, ನನ್ನ ಕುಪ್ಪಸಕ್ಕೆ ನಾನೇ ಒಂದು ಉಪಾಯ ಹುಡುಕಿದೆ.

ಉಪಾಯ ಎಂದರೆ ಉಣ್ಣೆ. ನಮ್ಮ ಕುರಿಗಳ ಉಣ್ಣೆ ಒರಟು, ಕಂಬಳಿಗಷ್ಟೇ ಲಾಯಕ್ಕು. ಆದರೆ ಮರಿಗಳ ಮೊದಲ ಉಣ್ಣೆ ಮೆತ್ತಗಿರುತ್ತದೆ. ಉಣ್ಣೆ ಕತ್ತರಿಸಿ ಚೀಲಕ್ಕೆ ತುಂಬಿ ಮೂಲೆಗಿಟ್ಟ ಮೇಲೆ, ಮನೆಯಲ್ಲಿ ಯಾರೂ ಇಲ್ಲದಾಗ ನಾನು ಚೀಲದ ಬಾಯಿ ಬಿಚ್ಚಿ ಎರಡು ಹಿಡಿ ಮರಿಯುಣ್ಣೆ ಕದಿಯುತ್ತಿದ್ದೆ. ನನ್ನ ಪುಣ್ಯ, ಪ್ರತಿ ಸಲವೂ ಅದು ಮೇಲೆಯೇ ಇರುತ್ತಿತ್ತು, ಚೀಲದೊಳಗೆ ಕೈಯಾಡಿಸಿ ಹುಡುಕುವ ಕಷ್ಟ ಬರಲಿಲ್ಲ. ಅದನ್ನು ಅಂಟುವಾಳದ ನೀರಲ್ಲಿ ತೊಳೆದು, ಒಣಗಿಸಿ, ಹಿಂಜಿ, ಹಳೆಯ ಧೋತರದ ತುಂಡಿನಲ್ಲಿ ಹೊಲಿದರೆ ಬಲಗಡೆಗೊಂದು ಗಿಂಡೆ, ದುಂಡನೆಯ ಮೆತ್ತೆ, ಆಗುತ್ತಿತ್ತು. ಕುಪ್ಪಸದ ಒಳಗೆ ಅದಕ್ಕೊಂದು ಚೀಲ ಹೊಲಿದೆ. ಎಡಗಡೆಯದನ್ನು ಎತ್ತಿ ಹಿಡಿಯಲು ಕೆಳಗಿನಿಂದ ಭುಜದವರೆಗೆ ದಪ್ಪ ಬಟ್ಟೆಯ ಪಟ್ಟಿ ಕೊಟ್ಟೆ.

ಕೇಳಿದರೆ ಸುಲಭ ಅನ್ನಿಸುತ್ತದೆ. ಮಾಡಿ ನೋಡಿ. ಎಡಗಡೆ ಎತ್ತಲೆಂದು ಗಂಟು ಬಿಗಿ ಎಳೆದರೆ ಬಲಗಡೆಯ ಗಿಂಡೆ ಕುತ್ತಿಗೆಯ ಹತ್ತಿರ ಹತ್ತಿ ಕೂರುತ್ತಿತ್ತು. ಗಿಂಡೆ ಕೂರಲೆಂದು ಗಂಟು ಸಡಿಲಿಸಿದರೆ ಎಡಗಡೆಯದು ಇಳಿಯುತ್ತಿತ್ತು. ಎತ್ತುವುದೇ ಬೇರೆ ಕೆಲಸ, ತುಂಬುವುದೇ ಬೇರೆ ಕೆಲಸ, ಎರಡನ್ನೂ ಒಂದೇ ಬಟ್ಟೆ ಮಾಡಬೇಕೆಂದರೆ ಅದು ಎರಡು ಕಡೆಗೂ ಎಳೆದಾಡುತ್ತದೆ. ಎಷ್ಟು ಕುಪ್ಪಸದ ಖಣ ಹಾಳುಮಾಡಿದೆನೋ. ಕಡೆಗೆ ಬಲಕ್ಕೊಂದು ಅಳತೆ, ಎಡಕ್ಕೊಂದು ಅಳತೆ ಹಿಡಿದು, ಎರಡು ಬೇರೆ ಕುಪ್ಪಸಗಳ ಅರ್ಧರ್ಧ ಜೋಡಿಸಿದಂತೆ ಹೊಲಿದ ಮೇಲೆ ಹೊರಗಿನಿಂದ ನೋಡುವವರಿಗೆ ನಾನು ಎಲ್ಲರ ಹಾಗೆ ಕಾಣತೊಡಗಿದೆ. ಬೇಸಿಗೆಯಲ್ಲಿ ಬೆವರಿಗೆ ಉಣ್ಣೆ ನೆನೆದು ಹಟ್ಟಿಯ ವಾಸನೆ ಹೊಡೆಯುತ್ತಿತ್ತು. ಮನೆಯಲ್ಲಿ ಸಾಕಿದ್ದ ತಬ್ಬಲಿ ಮರಿಯೊಂದು ನನ್ನ ಎದೆ ಮೂಸುತ್ತ ಬೆನ್ನು ಬಿಡುತ್ತಿರಲಿಲ್ಲ. ಅದಕ್ಕೆ ಎರಡೇಟು ಹಾಕಿದ್ದೂ ಇದೆ, ಪಾಪ.

ಹೀಗೆ ಒಂಬತ್ತು ವರ್ಷ. ಕೈ ಎದೆಗೆ ಹೋಗುವ ಚಾಳಿ ಅಂಟಿದ್ದು ಆಗಲೇ. ಗಿಂಡೆ ಜರುಗಿತೇ, ಪಟ್ಟಿ ಸರಿಯಿದೆಯೇ, ಯಾರಾದರೂ ನೋಡಿದರೇ, ಇದೇ ಧ್ಯಾನ.

ಎಪ್ಪತ್ತರ ಆಚೆಗೆ ನನ್ನ ನಾದಿನಿಯ ಲಗ್ನ ಗೊತ್ತಾಯಿತು. ನಮ್ಮ ಅತ್ತೆಯ ಮನೆತನದಲ್ಲಿ ಒಂದು ಪದ್ಧತಿ. ಲಗ್ನ ಗಟ್ಟಿಯಾದ ಹುಡುಗಿಯ ಮೈಮೇಲೆ ಅರಿಷಿಣ ಬೀಳುವತನಕ ಅಳತೆಯ ದಾರ ಹಿಡಿಯಬಾರದು. ಅವಳದೇ ಮೈಕಟ್ಟಿನ ಮುತ್ತೈದೆಯ ಕುಪ್ಪಸವೊಂದನ್ನು ಅಳತೆಗೆ ಕಳಿಸಬೇಕು. ಹೊಲಿದು ಬಂದ ಕುಪ್ಪಸಗಳ ಗಂಟನ್ನು ಅರಿಷಿಣದ ದಿನದವರೆಗೆ ಬಿಚ್ಚಬಾರದು. ನಾದಿನಿಯದೂ ನನ್ನದೂ ಒಂದೇ ಮೈಕಟ್ಟು ಎಂದು ಎಲ್ಲರೂ ಹೇಳುತ್ತಿದ್ದರು, ಅದು ನನ್ನ ಕೈಚಳಕದ ಪ್ರತಾಪ. ಅಳತೆಗೆ ನನ್ನದೇ ಕೇಳುತ್ತಾರೆಂದು ಗೊತ್ತಿದ್ದು, ಮದುವೆಯಾದ ಹೊಸದರ ಹಳೆಯ ಕುಪ್ಪಸವೊಂದನ್ನು ತೊಳೆದು ಮಡಚಿ ಇಟ್ಟಿದ್ದೆ ಕೂಡ.

ಆದರೆ ಉಮದಿಯ ಸಂತೆಯ ದಿನ ನಾನು ತವರಿನಲ್ಲಿದ್ದೆ. ಅತ್ತೆ ನನ್ನ ಟ್ರಂಕು ತೆರೆದು, ಆ ಹಳೆಯದನ್ನು ಬಣ್ಣ ಹೋಗಿದೆಯೆಂದು ಬದಿಗೆ ಸರಿಸಿ, ಮೇಲಿದ್ದ ಹೊಸದನ್ನು ಎತ್ತಿಕೊಂಡು ಉಮದಿಯ ಬಸ್ಸು ಹತ್ತಿದರು. ಗಿಂಡೆ ನನ್ನ ಮೈಮೇಲಿತ್ತು, ಅದರ ಚೀಲ ಮಾತ್ರ ಕುಪ್ಪಸದಲ್ಲಿತ್ತು. ಉಮದಿಯಲ್ಲಿ ಕುಪ್ಪಸ ಹೊಲಿಯುವ ಮುದುಕಿ ಹೆಸರುವಾಸಿ, ಅಳತೆಗೆ ಕೊಟ್ಟದ್ದಕ್ಕೂ ಹೊಲಿದದ್ದಕ್ಕೂ ಒಂದು ದಾರದ ಅಂತರವಿರುವುದಿಲ್ಲ ಎಂಬ ಜಂಬದವಳು. ಬೇರೆ ಯಾರಾದರೂ ಆಗಿದ್ದರೆ ಕುಪ್ಪಸವನ್ನು ನಡುವಿಗೆ ಮಡಚಿ, ಒಂದೇ ಕಡೆಯ ಅಳತೆ ಹಿಡಿದು ಎರಡೂ ಕಡೆ ಕತ್ತರಿಸಿಬಿಡುತ್ತಿದ್ದರು, ಮಾನ ಉಳಿಯುತ್ತಿತ್ತು. ಈ ಮಹಾತಾಯಿ ಎರಡೂ ಬದಿ ಬೇರೆ ಬೇರೆ ಅಳೆದು, ಪಟ್ಟಿಗೆ ಪಟ್ಟಿ, ಚೀಲಕ್ಕೆ ಚೀಲ, ಐದು ಖಣಕ್ಕೂ ಹಾಗೇ ಹೊಲಿದಳು.

ಅರಿಷಿಣದ ದಿನ ಗಂಡಿನ ಕಡೆಯ ಹೆಂಗಸರು ಬಂದರು. ನಾದಿನಿಗೆ ಎಣ್ಣೆ ಅರಿಷಿಣ ಹಚ್ಚಿ ನೀರು ಹಾಕಿ ಕುಪ್ಪಸಗಳ ಗಂಟು ಬಿಚ್ಚಿದರು. ಹಸಿರು ಖಣದ ಕುಪ್ಪಸ ಅವಳ ಮೈಮೇಲೆ ಏರಿದಾಗ ಎಡಗಡೆ ಉಸಿರು ಕಟ್ಟುವಷ್ಟು ಬಿಗಿ, ಬಲಗಡೆ ಜೋಲುಜೋಲು. ಹೆಂಗಸರು ನಕ್ಕರು. ಎರಡನೆಯದು ತೆಗೆದರು, ಅದೂ ಹಾಗೇ. ಐದೂ ಹಾಗೇ ಇದ್ದದ್ದು ಕಂಡು ನಗು ನಿಂತಿತು. ಮದುಮಗನ ಸೋದರತ್ತೆ, ಬಿಳಿ ಸೀರೆಯ ಎತ್ತರದ ಹೆಂಗಸು, ಒಂದನ್ನು ಎತ್ತಿ ಒಳಮಗ್ಗಲು ಮಾಡಿ ಆ ಚೀಲದೊಳಗೆ ಮುಷ್ಟಿ ತೂರಿಸಿ ನೋಡಿದಳು. ನಾನು ಬಾಗಿಲ ಹತ್ತಿರ ಆರತಿಯ ತಾಟು ಹಿಡಿದು ನಿಂತಿದ್ದೆ. ನನ್ನ ಚೀಲ ಅದು, ನನ್ನ ಹೊಲಿಗೆಯ ನಕಲು.

"ಹುಡುಗಿ ಮೈಯಾಗ ಏನರ ಐಬ ಐತೇನ್ರಿ?" ಎಂದಳು ಆಕೆ, ಸಿಟ್ಟಿಲ್ಲದೆ, ಕೇಳಲೇಬೇಕಾದ್ದನ್ನು ಕೇಳುವಂತೆ. 

ಹೊಲಿದ ಮುದುಕಿಗೆ ಕಣ್ಣು ಕಾಣುವುದಿಲ್ಲ ಎಂದು ನಮ್ಮ ಕಡೆಯವರು ಒಬ್ಬರು ಹೇಳಿದರು. ಐದರಲ್ಲೂ ಒಂದೇ ತಪ್ಪೇ ಎಂದು ಅವರ ಕಡೆಯವರು ಕೇಳಿದರು. ಹುಡುಗಿಯನ್ನು ಒಳಗೆ ಕರೆದುಕೊಂಡು ಹೋಗಿ ನೋಡೋಣ, ಅನುಮಾನ ಯಾಕೆ ಇಟ್ಟುಕೊಳ್ಳಬೇಕು ಎಂಬ ಮಾತು ಬಂತು. ನಾದಿನಿಗೆ ಹದಿನೇಳು. ಒದ್ದೆ ಮೈಯಲ್ಲಿ ಅರಿಷಿಣ ಸೋರುತ್ತ, ಎರಡೂ ಕೈ ಎದೆಗೆ ಕಟ್ಟಿಕೊಂಡು ನಡುಗುತ್ತಿದ್ದಳು. ಅತ್ತೆ ಬಾಯಿ ತೆರೆದರು, ಅಳತೆಗೆ ಕೊಟ್ಟದ್ದು ಯಾರದೆಂದು ಹೇಳಲಿಕ್ಕೇ ತೆರೆದದ್ದು. ಅಷ್ಟರಲ್ಲಿ ಅವರ ಕಣ್ಣು ನನ್ನ ಕಡೆ ತಿರುಗಿತು. ನನ್ನ ಕೈ ಎದೆಯ ಮೇಲಿತ್ತು. ಒಂಬತ್ತು ವರ್ಷ ಕಂಡೂ ಕಾಣದ್ದು ಆ ಗಳಿಗೆಯಲ್ಲಿ ಅವರಿಗೆ ಕಂಡಿತು, ಬಾಯಿ ಮುಚ್ಚಿಕೊಂಡರು.

ಮಗಳ ಲಗ್ನ ಮುರಿಯುವ ಹೊತ್ತಿನಲ್ಲಿ ಸೊಸೆಯ ಮಾನಕ್ಕೆ ಬಾಯಿ ಮುಚ್ಚಿಕೊಂಡ ಆ ಹೆಂಗಸನ್ನು ನಾನು ಅದಕ್ಕೂ ಮೊದಲು ಎಷ್ಟು ಸಲ ಬೈದುಕೊಂಡಿದ್ದೆನೋ. ನನಗೆ ಓಡಿಹೋಗಬೇಕೆನ್ನಿಸಿತು. ಕಾಲುಗಳು ಬಾಗಿಲಿನ ಕಡೆಗೇ ಇದ್ದವು. ಆದರೆ ಆ ಹುಡುಗಿ ಎದೆಗೆ ಕೈ ಕಟ್ಟಿಕೊಂಡಿದ್ದ ರೀತಿ ಇತ್ತಲ್ಲ, ಅದು ನನ್ನದು. ಇವಳೂ ಇವತ್ತಿನಿಂದ ಹೀಗೇ ಬದುಕಬೇಕೇ ಅನ್ನಿಸಿ ತಾಟು ಕೆಳಗಿಟ್ಟೆ.

"ಅಳತಿ ನಂದು," ಎಂದೆ. "ಐಬ ನನ್ನ ಮೈಯಾಗ ಐತಿ, ಆಕೀದ್ರಾಗ ಇಲ್ಲ. ಬರ್ರಿ, ನೋಡ್ರಿ."

ಸೋದರತ್ತೆಯನ್ನು ಒಳಕೋಣೆಗೆ ಕರೆದುಕೊಂಡು ಹೋದೆ. ಅತ್ತೆಯೂ ಬಂದರು. ಗಂಟು ಬಿಚ್ಚಲು ಬೆರಳು ಬರಲಿಲ್ಲ, ಅತ್ತೆಯೇ ಬಿಚ್ಚಿದರು. ಉಣ್ಣೆಯ ಗಿಂಡೆ ನೆಲಕ್ಕೆ ಬಿತ್ತು. ಆಕೆ ಮುಖ ಸಿಂಡರಿಸುತ್ತಾಳೆಂದು ಕಾಯುತ್ತಿದ್ದೆ. ಆಕೆ ಬಗ್ಗಿ, ಬೆರಳಿನಿಂದ ಆ ಗೆರೆ ಸವರಿ, ಹಾಲು ಕಟ್ಟಿದ ಬಾವು ಅಲ್ಲವೇ ಎಂದು ಕೇಳಿದಳು. ಹಿಂಗ ಅಡ್ಡ ಕೊಯ್ಯಬಾರದಿತ್ತು ಎಂದು ತನಗೆ ತಾನೇ ಹೇಳಿಕೊಂಡಳು. ಆಕೆ ರೈಲು ಹೋಗುವ ಊರಿನ ದೊಡ್ಡ ದವಾಖಾನೆಯೊಂದರಲ್ಲಿ ಆಯಾ ಆಗಿದ್ದಳು. ಸುಟ್ಟ ಮೈ, ಸೀಳಿದ ತುಟಿ ಸರಿಮಾಡಲು ಮುಂಬಯಿಯಿಂದ ಅಲ್ಲಿಗೆ ಒಬ್ಬ ಡಾಕ್ಟರು ಬರುತ್ತಾರೆ, ಇಂಥದ್ದನ್ನೂ ಮಾಡುತ್ತಾರೆ, ಹಳ್ಳಿಯವರಿಗೆ ಧರ್ಮಕ್ಕೆ ಮಾಡುತ್ತಾರೆ ಎಂದಳು. ಆಮೇಲೆ ಹೊರಗೆ ಹೋಗಿ, ಹುಡುಗಿಗೆ ಏನೂ ಆಗಿಲ್ಲ, ಅಳತೆ ಅದಲುಬದಲಾಗಿದೆ ಎಂದಷ್ಟೇ ಹೇಳಿ ಎಲ್ಲರ ಬಾಯಿಗೆ ಬೀಗ ಹಾಕಿದಳು. ನಾನು ಅಲ್ಲೇ ಕುಳಿತು ಐದೂ ಕುಪ್ಪಸ ಬಿಚ್ಚಿ ನಾದಿನಿಯ ಮೈಗೇ ಅಳೆದು ಹೊಲಿದುಕೊಟ್ಟೆ. ಮರುದಿನ ಲಗ್ನಕ್ಕೆ ಹಿಂಡಿನಿಂದ ಬಂದ ನನ್ನ ಗಂಡ ಅಕ್ಷತೆ ಹಾಕಿ, ಊಟ ಮಾಡಿ, ಸಂಜೆಯ ಬಸ್ಸಿಗೆ ವಾಪಸ್ಸಾದರು.

ಹದಿನೈದು ದಿನಕ್ಕೆ ಅತ್ತೆ ತಾವಾಗಿಯೇ ಹೊರಟು ನಿಂತರು. ಲಗೂನ ಸೀರಿ ಉಟ್ಕೋ, ಬಸ್ಸು ಹೋಗತದ ಎಂದರು. ಎಲ್ಲಿಗೆ ಎಂದು ನಾನು ಕೇಳಲಿಲ್ಲ. ಜತ್ತಕ್ಕೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು. ದಾರಿಯುದ್ದಕ್ಕೂ ಇಳಿದುಬಿಡೋಣವೇ ಎಂದು ಹತ್ತು ಸಲ ಎದ್ದೆ, ಹತ್ತು ಸಲ ಅತ್ತೆ ಸೆರಗು ಹಿಡಿದು ಕೂರಿಸಿದರು.

ಡಾಕ್ಟರು ಮರಾಠಿಯವರು, ಸಣ್ಣ ಧ್ವನಿ. ಒಂದು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ಬಲಗಡೆ ಗಾಯದ ಗಂಟು ಬಿಡಿಸಿ, ಒಳಗೆ ಒಂದು ಮೆತ್ತನೆಯ ಚೀಲ ಇಡುವುದು. ಅದನ್ನು ನನ್ನ ಕೈಗೂ ಕೊಟ್ಟರು, ಮೇಲೆ ರಬ್ಬರಿನಂಥ ಪೊರೆ, ಒಳಗೆ ಗಟ್ಟಿ ಗಂಜಿಯಂಥದು. ಎಡಗಡೆ ಹೆಚ್ಚಿನ ಚರ್ಮ ತೆಗೆದು, ತೊಟ್ಟು ಮೇಲಕ್ಕೆ ಸರಿಸಿ ಎತ್ತಿ ಹೊಲಿಯುವುದು. ಆದರೆ ಬರೀ ಎತ್ತಿದರೆ ಮೇಲ್ಭಾಗ ಖಾಲಿ ಉಳಿಯುತ್ತದೆ, ಎರಡೂ ಕಡೆ ಹೊಂದುವುದಿಲ್ಲ, ಆದ್ದರಿಂದ ಆ ಕಡೆಗೂ ಸಣ್ಣದೊಂದು ಚೀಲ. ಎತ್ತುವುದು, ತುಂಬುವುದು, ಎರಡೂ ಒಂದೇ ಸಲ.

ನನಗೆ ತಡೆಯಲಾಗಲಿಲ್ಲ. ಡಾಕ್ಟರ ಮುಂದೆ ಮಾತಾಡಬಾರದೆಂದು ಅತ್ತೆ ಬಸ್ಸಿನಲ್ಲೇ ಹೇಳಿದ್ದರು, ಆದರೂ ಕೇಳಿದೆ. ಎತ್ತಬೇಕೆಂದರೆ ಬಟ್ಟೆ ಕಡಿಮೆ ಮಾಡಬೇಕು, ತುಂಬಬೇಕೆಂದರೆ ಬಟ್ಟೆ ಹೆಚ್ಚು ಬೇಕು. ಒಂದೇ ಸಲ ಎರಡೂ ಮಾಡಿದರೆ ಹೊಲಿಗೆ ಬಿಡುವುದಿಲ್ಲವೇ? ಡಾಕ್ಟರು ಪೆನ್ನು ಕೆಳಗಿಟ್ಟು ನನ್ನನ್ನು ಸರಿಯಾಗಿ ನೋಡಿದ್ದು ಆಗಲೇ. ಹೊಲಿಗೆ ಕೆಲಸದವಳೇ ಎಂದು ಕೇಳಿದರು. ಅದೇ ಕಷ್ಟ ಇದರಲ್ಲಿ, ಕಲಿಯುವ ಡಾಕ್ಟರುಗಳೂ ಇದನ್ನು ಇಷ್ಟು ಬೇಗ ಕೇಳುವುದಿಲ್ಲ ಎಂದರು. ಮೊದಲು ಚೀಲ ಇಟ್ಟು, ಚರ್ಮವನ್ನು ಮಡಚಿ ಕಚ್ಚಾ ಹೊಲಿಗೆ ಹಾಕಿ, ಎದ್ದು ಕೂತಂತೆ ಮಂಚ ಎತ್ತರಿಸಿ ನೋಡಿ, ಎರಡೂ ಕಡೆ ಸಮ ಅನ್ನಿಸಿದ ಮೇಲೆಯೇ ಕತ್ತರಿ ಹಾಕುತ್ತೇವೆ ಎಂದರು. ಕಚ್ಚಾ ಹೊಲಿಗೆ ಹಾಕದೆ ಕತ್ತರಿ ಹಿಡಿಯುವವನಲ್ಲ ಎಂದು ತಿಳಿದು ನನಗೆ ಆ ಮನುಷ್ಯನ ಮೇಲೆ ನಂಬಿಕೆ ಬಂತು.

ಆಮೇಲೆ ಅವರು ಕೆಟ್ಟದ್ದನ್ನೂ ಮುಚ್ಚಿಡದೆ ಹೇಳಿದರು. ಗಾಯದ ಗುರುತು ಸಾಯುವತನಕ ಉಳಿಯುತ್ತದೆ. ಹೊಲಿಗೆ ಬಿಡಬಹುದು, ಕೀವಾಗಬಹುದು. ಚೀಲ ಕೆಲವರಲ್ಲಿ ಗಟ್ಟಿಯಾಗುತ್ತದೆ, ಮುಂದೆಂದೋ ತೆಗೆಯಬೇಕಾಗಬಹುದು, ಮತ್ತೊಮ್ಮೆ ಕೊಯ್ಯಬೇಕಾಗಬಹುದು. ತೊಟ್ಟಿಗೆ ಸ್ಪರ್ಶ ತಿಳಿಯದೆ ಹೋಗಬಹುದು. ಇನ್ನು ಮಕ್ಕಳಾದರೆ ಹಾಲೂಡಿಸುವ ಭರವಸೆ ಇಲ್ಲ. ಇಷ್ಟೆಲ್ಲ ಯಾಕೆ, ಜೀವಕ್ಕೇನೂ ಅಪಾಯವಿಲ್ಲವಲ್ಲ, ಹೀಗೇ ಇದ್ದರೂ ಇರಬಹುದು ಎಂದರು. ಯೋಚನೆ ಮಾಡು, ಮಾಡಿಸುವುದಾದರೆ ಗಂಡನ ಹೆಬ್ಬೆಟ್ಟು ಹಾಕಿಸಿಕೊಂಡು ಬಾ ಎಂದು ಕಾಗದ ಕೊಟ್ಟರು.

ಆ ಕಾಗದ ನಾಲ್ಕು ದಿನ ನನ್ನ ನಡುವಿನಲ್ಲಿತ್ತು. ಬ್ಲೇಡಿನ ಹೆದರಿಕೆ ಒಂದು. ಅದಕ್ಕಿಂತ ಹೆಚ್ಚು ಹೆದರಿಕೆ ಗಂಡನದು. ಕಾಗದ ತೋರಿಸುವುದೆಂದರೆ ಒಂಬತ್ತು ವರ್ಷದ್ದು ಬಿಚ್ಚುವುದು. ಕೆಂಪು ದಾರ ನಾನೇ ಕಟ್ಟಿಕೊಂಡು ಹೋಗಿ ಎದುರಿಗೆ ನಿಂತಂತೆ. ಐದನೆಯ ದಿನ, ಇದ್ದಷ್ಟು ದಿನ ಹೀಗೆ ಒದ್ದಾಡುವುದಕ್ಕಿಂತ ಒಂದು ಸಲ ಆಗಿಹೋಗಲಿ ಎಂದು ಉಮದಿಯ ಬಸ್ಸು ಹತ್ತಿದೆ. ಹಿಂಡು ಉಮದಿಯಾಚೆಯ ಒಂದು ಹೊಲದಲ್ಲಿ ನಿಂತಿತ್ತು.

ಮಟಮಟ ಮಧ್ಯಾಹ್ನ. ಕುರಿಗಳು ಬೇವಿನ ನೆರಳಲ್ಲಿ ತಲೆ ತಗ್ಗಿಸಿ ಗುಂಪಾಗಿದ್ದವು. ನಾನು ಬಂದದ್ದು ನೋಡಿ ಮಕ್ಕಳಿಗೇನಾದರೂ ಆಯಿತೇ ಎಂದು ಅವರು ಓಡಿಬಂದರು. ಏನೂ ಆಗಿಲ್ಲ, ಕುಂದ್ರಿ ಎಂದೆ. ಕುಳಿತರು. ನಾನು ನಿಂತುಕೊಂಡೇ, ಅತ್ತಿಂದಿತ್ತ ತಿರುಗುತ್ತಲೇ ಎಲ್ಲ ಹೇಳಿದೆ. ಬಾವು, ಗಿಂಡೆ, ಕುಪ್ಪಸ, ಅರಿಷಿಣದ ದಿನ, ಡಾಕ್ಟರು. ಅವರು ಒಂದು ಕಡ್ಡಿಯಿಂದ ನೆಲ ಕೆದರುತ್ತ ಕೇಳಿದರು. ನನ್ನ ಮಾತು ಮುಗಿದ ಮೇಲೂ ಕೆದರುತ್ತಿದ್ದರು.

"ನನಗ ಗೊತ್ತಿತ್ತು," ಎಂದರು.

ನನಗೆ ಅಳು ಬರಬೇಕಿತ್ತು. ಬಂದದ್ದು ಕೋಪ. ಬೇಸಿಗೆ ಬೇಸಿಗೆ ಆ ಉಣ್ಣೆ ಹೊತ್ತು ಬೆವರಿದ್ದು, ಬೆಳಕು ಹರಿಯುವ ಮೊದಲೇ ಬಾವಿಗೆ ಓಡಿದ್ದು, ಯಾವ ಸಂತೆಗೆ ನನ್ನನ್ನು ಹೊಡೆಯುತ್ತಾರೋ ಎಂದು ನಡುಗಿದ್ದು, ಎಲ್ಲ ಗೊತ್ತಿದ್ದೂ ಈ ಮನುಷ್ಯ ಬಾಯಿ ಬಿಡಲಿಲ್ಲ. ಹ್ಯಾಂಗ ಗೊತ್ತಿತ್ತು, ಯಾವಾಗಿಂದ ಗೊತ್ತಿತ್ತು ಎಂದು ಜಗಳಕ್ಕೆ ನಿಂತೆ. ಒಂದು ಮಾತು ಹೇಳಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು ಎಂದು ಕೇಳಿದೆ. ನೀನು ಇಷ್ಟು ಮುಚ್ಚಿಡುವುದನ್ನು ನಾನು ಹೇಗೆ ಬಿಚ್ಚಲಿ ಎನ್ನುವಂತೆ ಏನೋ ಅಂದರು, ಅದೂ ಅರ್ಧ.

ಆಮೇಲೆ ಕಾಗದ ಕೈಗೆ ತೆಗೆದುಕೊಂಡು, "ನಿನಗ ಬೇಕೇನು?" ಎಂದು ಕೇಳಿದರು.

ಆ ಪ್ರಶ್ನೆಗೆ ನಾನು ತಯಾರಾಗಿರಲಿಲ್ಲ. ಇವರಿಗೆ ಗೊತ್ತಿದ್ದ ಮೇಲೆ, ಯಾವ ಸಂತೆಗೂ ಹೊಡೆಯದೆ ಇದ್ದ ಮೇಲೆ, ಇನ್ನು ಕೊಯ್ಸಿಕೊಳ್ಳುವುದು ಯಾರಿಗಾಗಿ? ಕುರಿಗಳ ಕಡೆ ನೋಡುತ್ತ ನಿಂತೆ. ಕೈ ಎದೆಗೆ ಹೋಯಿತು, ಗಿಂಡೆ ಜರುಗಿತ್ತು, ಸರಿಮಾಡಿದೆ. ಈ ಕೈಗೆ ಬಿಡುವು ಬೇಕು ಅನ್ನಿಸಿತು. ಎಲ್ಲರೊಂದಿಗೆ ಬಾವಿಗೆ ಹೋಗಬೇಕು, ಬೇಸಿಗೆಯಲ್ಲಿ ತಣ್ಣಗಿರಬೇಕು, ಯಾರಾದರೂ ಅಳತೆಗೆ ಕುಪ್ಪಸ ಕೇಳಿದರೆ ಮೇಲಿನದನ್ನೇ ಎತ್ತಿ ಕೊಡಬೇಕು.

"ಬೇಕು," ಎಂದೆ. "ನನಗ ಬೇಕು."

ಮಸಿ ಇರಲಿಲ್ಲ. ಅಡುಗೆಯ ಗಡಿಗೆಯ ತಳಕ್ಕೆ ಬೆರಳು ಒತ್ತಿ, ಕಾಗದ ಮೊಳಕಾಲ ಮೇಲಿಟ್ಟುಕೊಂಡು ಹೆಬ್ಬೆಟ್ಟು ಒತ್ತಿದರು.

ಕೊಯ್ದರು. ಅದನ್ನು ಬಹಳ ಹೇಳುವುದಿಲ್ಲ. ಎಚ್ಚರವಾದಾಗ ಎದೆಯ ಮೇಲೆ ಬೀಸುಕಲ್ಲು ಇಟ್ಟಂತಿತ್ತು. ಅಲ್ಲಿ ಆಯಾ ಆಗಿದ್ದ ಆ ಸೋದರತ್ತೆ ನೀರು ಕೊಡಲಿಲ್ಲ, ಬಟ್ಟೆ ಅದ್ದಿ ತುಟಿಗೆ ಒತ್ತಿದಳು. ಎಡಗಡೆ ಕೆಳಗಿನ ಹೊಲಿಗೆ ಎರಡು ಕಡೆ ಬಿಟ್ಟು ಮಾಯಲು ತಿಂಗಳು ಹಿಡಿಯಿತು, ನಾನು ಮೊದಲೇ ಕೇಳಿದ್ದಂತೆಯೇ ಬಿಟ್ಟಿತು, ಡಾಕ್ಟರಿಗೆ ಅದನ್ನೂ ಹೇಳಿದೆ. ಬಲಗಡೆಯದು ಒಂದೆರಡು ವರ್ಷದಲ್ಲಿ ಸ್ವಲ್ಪ ಗಟ್ಟಿಯಾಯಿತು, ಚಳಿಗಾಲದಲ್ಲಿ ತಣ್ಣಗಿರುತ್ತಿತ್ತು. ದೇವರು ಕೊಟ್ಟದ್ದರ ಹಾಗೇನೂ ಅಲ್ಲ. ಆದರೆ ಎರಡೂ ಒಂದೇ ಎತ್ತರಕ್ಕಿದ್ದವು. ನಾನು ಒಂದೇ ಅಳತೆಯ ಕುಪ್ಪಸ ಹೊಲಿದುಕೊಂಡು, ಹಗಲು ಹೊತ್ತಿನಲ್ಲಿ, ನಾಲ್ಕು ಹೆಂಗಸರ ಜೊತೆ ಬಾವಿಗೆ ಹೋದೆ. ಕೈ ಮಾತ್ರ ಹಳೆಯ ಚಾಳಿ ಬಿಡಲಿಲ್ಲ.

ಕೊಯ್ಸಿಕೊಂಡ ಆ ವರ್ಷವೇ, ಉಣ್ಣೆ ಕತ್ತರಿಸುವ ದಿನ ನಾನು ಅಂಗಳದ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತ ಕುಳಿತಿದ್ದೆ. ಭಾರ ಎತ್ತಬೇಡ ಎಂದು ಡಾಕ್ಟರು ಹೇಳಿದ್ದರಿಂದ ನನಗೆ ಅಷ್ಟೇ ಕೆಲಸ. ಒಂಬತ್ತು ವರ್ಷದಲ್ಲಿ ಮೊದಲ ಸಲ ಆ ಕೆಲಸವನ್ನು ಬಿಡುವಾಗಿ ನೋಡಿದ್ದು. ನನ್ನ ಗಂಡ ದೊಡ್ಡ ಕುರಿಗಳದೆಲ್ಲ ಕತ್ತರಿಸಿ ಚೀಲಕ್ಕೆ ತುಳಿದು ತುಂಬಿದರು. ಮರಿಗಳನ್ನು ಮಾತ್ರ ಕೊನೆಗೆ ಉಳಿಸಿಕೊಂಡರು. ಒಂದು ಮರಿಯನ್ನು ತೊಡೆಯ ಮೇಲೆ ಮಲಗಿಸಿ ಕತ್ತರಿಸಿ, ಆ ಉಣ್ಣೆಯಲ್ಲಿನ ಮುಳ್ಳು ಕಸ ಒಂದೊಂದೇ ಆರಿಸಿದರು. ಎಷ್ಟು ಹೊತ್ತು ಆರಿಸಿದರೆಂದರೆ ನನಗೇ ಬೇಸರ ಬಂತು. ಆಮೇಲೆ ಎದ್ದು, ಮೆತ್ತಗಿನದನ್ನು ಚೀಲದ ಬಾಯಿಯ ಹತ್ತಿರ, ಎಲ್ಲಕ್ಕೂ ಮೇಲೆ, ಎರಡು ಹಿಡಿಯಷ್ಟು ಇಟ್ಟರು.

ಇಟ್ಟವರು ಹಾಗೇ ನಿಂತರು. ಏನೋ ನೆನಪಾದವರಂತೆ ಅದನ್ನು ಮತ್ತೆ ಹಿಡಿದು, ಮೊಳಕೈವರೆಗೆ ಕೈ ಇಳಿಸಿ ಚೀಲದ ಕೆಳಕ್ಕೆ ಒತ್ತಿಬಿಟ್ಟರು.

ಮೊರ ನನ್ನ ತೊಡೆಯಿಂದ ಜಾರಿತು. ಬ್ಲೇಡಿಗೆ ಅಳದವಳು, ಅರಿಷಿಣದ ದಿನ ಅಳದವಳು, ಚೆಲ್ಲಿದ ಜೋಳದ ನಡುವೆ ಕುಳಿತು ಬಿಕ್ಕಿಬಿಕ್ಕಿ ಅತ್ತೆ. ಅವರು ಗಾಬರಿಯಾಗಿ, ನೋಯುತ್ತಿದೆಯೇ, ಹೊಲಿಗೆ ಬಿಟ್ಟಿತೇ ಎಂದು ಕೇಳುತ್ತ ಬಂದರು. ಕೈ ತುಂಬ ಉಣ್ಣೆ ಅಂಟಿತ್ತು.

"ಒಂಬತ್ತ ವರ್ಷ ನನ್ನ ಕಳ್ಳಿ ಮಾಡಿ ಕುಂದ್ರಿಸಿದ್ರಿ," ಎಂದೆ. "ಅದನ್ನ ಮ್ಯಾಲ ತಗೀರಿ."

ಅವರು ಹೋಗಿ ಚೀಲದೊಳಗೆ ಕೈಹಾಕಿ, ಸ್ವಲ್ಪ ಹೊತ್ತು ಹುಡುಕಿ, ಅದನ್ನು ಮೇಲೆ ತೆಗೆದರು.